ನಾರಿಯಲ್, ತೆಂಗು ಮತ್ತು ನಮ್ಮ ಒಂದು ಎಕರೆ

ರೋಣ ತಾಲ್ಲೂಕಿನಲ್ಲಿ ಏನು ಬೆಳೆಯುತ್ತಾರೆ ಎಂದು ಕೇಳಿದರೆ ನಮ್ಮ ಕಾಲೇಜಿನ ಯಾವ ವಿದ್ಯಾರ್ಥಿಯಾದರೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ: ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ, ಕಡಲೆ, ಬಿಳಿಜೋಳ, ಗೋಧಿ. ತೆಂಗು ಎಂದು ಯಾರೂ ಹೇಳುವುದಿಲ್ಲ. ಆದರೆ ತೆಂಗು ಇಲ್ಲದ ದಿನವೂ ನಮ್ಮ ಊರಿನಲ್ಲಿ ಇಲ್ಲ. ಗುಡಿಯ ಮುಂದೆ ಕಾಯಿ, ದರ್ಗಾದ ಮುಂದೆ ಕಾಯಿ, ಹೊಸ ಟ್ರ್ಯಾಕ್ಟರ್ ಬಂದರೆ ಅದರ ಗಾಲಿಯ ಮುಂದೆ ಕಾಯಿ, ಬಾಣಂತಿಯ ಅಂಟಿನುಂಡಿಗೆ ಕೊಬ್ಬರಿ, ದವಾಖಾನೆಯಲ್ಲಿ ಮಲಗಿದವರಿಗೆ ಎಳನೀರು. ನಮ್ಮ ಮನೆಯ ವಿಷಯವಂತೂ ಬೇರೆಯೇ. ನಮ್ಮ ಅಬ್ಬಾ ಹದಿನಾಲ್ಕು ವರ್ಷಗಳಿಂದ ಎಳನೀರಿನ ಗಾಡಿ ನಡೆಸುತ್ತಿದ್ದಾರೆ. ನಾನು ಉಂಡ ಅನ್ನ, ತೊಟ್ಟ ಯೂನಿಫಾರ್ಮ್, ಕಟ್ಟಿದ ಫೀ ಎಲ್ಲವೂ ತೆಂಗಿನ ಮರದಿಂದಲೇ ಇಳಿದು ಬಂದದ್ದು. ಆ ಮರ ಮಾತ್ರ ನಮ್ಮದಲ್ಲ. ಅದು ಮದ್ದೂರಿನ ಕಡೆಯ ಯಾರದೋ ತೋಟದಲ್ಲಿ ಇರುತ್ತದೆ.

ಈ ವರ್ಷ ಅಬ್ಬಾ ಮರವನ್ನೇ ನಮ್ಮದು ಮಾಡಿಕೊಳ್ಳಬೇಕು ಎಂದು ಹೊರಟರು. ಆಗ ಮನೆಯಲ್ಲಿ ನಡೆದ ಚರ್ಚೆ, ಅದಕ್ಕಾಗಿ ನಾನು ಓದಿ, ಕೇಳಿ, ಅಳೆದು ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಮಾತು. ಮನೆಯಲ್ಲಿ ನಾವು ಉರ್ದುವಿನಲ್ಲಿ ನಾರಿಯಲ್ ಅನ್ನುತ್ತೇವೆ, ಕಾಲೇಜಿನಲ್ಲಿ ತೆಂಗಿನಕಾಯಿ ಅನ್ನುತ್ತೇವೆ. ಇವು ಎರಡು ಬೇರೆ ಬೇರೆ ಶಬ್ದಗಳು, ಎರಡು ಬೇರೆ ಭಾಷೆಗಳದು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಆದರೆ ಹಳೆಯ ಕನ್ನಡ ಪುಸ್ತಕಗಳಲ್ಲಿ ಬರುವ ನಾರಿಕೇಳ ಮತ್ತು ನಮ್ಮ ನಾರಿಯಲ್ ಒಂದೇ ಬೇರಿನವು. ಅದೇ ಶಬ್ದ ಪಾರಸಿಗೆ ಹೋಗಿ ನಾರ್ಗೀಲ್ ಆಯಿತು. ಹುಕ್ಕಾಕ್ಕೆ ಕೆಲವು ದೇಶಗಳಲ್ಲಿ ನಾರ್ಗಿಲೆ ಎನ್ನುವುದು ಕೂಡ ಇದರಿಂದಲೇ, ಏಕೆಂದರೆ ಹುಕ್ಕಾದ ನೀರಿನ ಬುರುಡೆಯನ್ನು ಮೊದಲು ತೆಂಗಿನ ಚಿಪ್ಪಿನಿಂದ ಮಾಡುತ್ತಿದ್ದರು. ಕೊಬ್ಬರಿ, ಖೋಪ್ರಾ, ಇಂಗ್ಲಿಷಿನ ಕೋಪ್ರಾ ಮೂರೂ ಅಕ್ಕತಂಗಿಯರು. ಅರಬ್ಬರು ಇದನ್ನು ಹಿಂದೂಸ್ತಾನದ ಕಾಯಿ ಎಂಬ ಅರ್ಥದಲ್ಲಿ ಜೌಜ್ ಅಲ್ ಹಿಂದೀ ಎಂದು ಕರೆದರು. ಈದ್ ದಿನ ನಮ್ಮ ಮನೆಯಲ್ಲಿ ಮಾಡುವ ಶೀರ್ ಖುರ್ಮಾದಲ್ಲಿ ಖಜೂರವೂ ಇರುತ್ತದೆ, ಖೋಪ್ರಾವೂ ಇರುತ್ತದೆ. ಎರಡೂ ತಾಳೆ ಜಾತಿಯ ಮರಗಳ ಫಲ. ಒಂದು ಮರುಭೂಮಿಯದು, ಇನ್ನೊಂದು ಸಮುದ್ರದ ನಡುವಿನ ದ್ವೀಪಗಳದು. ರೋಣದ ಒಂದು ಬಟ್ಟಲಿನಲ್ಲಿ ಎರಡೂ ಸೇರುತ್ತವೆ, ಎರಡರಲ್ಲಿ ಒಂದೂ ನಮ್ಮ ಹೊಲದ್ದಲ್ಲ.

ತೆಂಗು ದ್ವೀಪದ ಮರ ಎನ್ನುವುದಕ್ಕೆ ಅದರ ಕಾಯಿಯೇ ಸಾಕ್ಷಿ. ಹೊರಗೆ ನೀರು ಇಳಿಯದ ನುಣುಪು ಸಿಪ್ಪೆ, ಒಳಗೆ ಗಾಳಿ ತುಂಬಿದ ನಾರು, ಅದರೊಳಗೆ ಗಟ್ಟಿ ಚಿಪ್ಪು, ಚಿಪ್ಪಿನೊಳಗೆ ಸಸಿಗೆ ಬೇಕಾದ ಬುತ್ತಿ ಮತ್ತು ನೀರು. ಇದು ಸಮುದ್ರದಲ್ಲಿ ತಿಂಗಳುಗಟ್ಟಲೆ ತೇಲಿ ಬೇರೆ ದಡ ಮುಟ್ಟಿ ಮೊಳೆಯಬಲ್ಲದು. ಚಿಪ್ಪಿನ ಮೇಲೆ ಮೂರು ಕಣ್ಣುಗಳಿವೆಯಲ್ಲ, ಅವುಗಳಲ್ಲಿ ಒಂದು ಮಾತ್ರ ಮೆತ್ತಗಿರುತ್ತದೆ. ಮೊಳಕೆ ಬರುವುದು ಆ ಕಣ್ಣಿನಿಂದ. ಆ ಮೂರು ಕಣ್ಣು ನೋಡಿಯೇ ಪೋರ್ಚುಗೀಸರು ಹಲ್ಲು ಕಿರಿದ ಮುಖ ಎಂಬ ಅರ್ಥದಲ್ಲಿ ಕೋಕೋ ಎಂದರಂತೆ. ಸಸ್ಯಶಾಸ್ತ್ರದವರು ಇಟ್ಟ ಹೆಸರು ಕೋಕೋಸ್ ನ್ಯೂಸಿಫೆರಾ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲೋಕದ ಬೇರೆ ಬೇರೆ ಕಡೆಯ ಸಾವಿರಕ್ಕೂ ಹೆಚ್ಚು ಮರಗಳ ಡಿಎನ್‌ಎ ಪರೀಕ್ಷಿಸಿ, ತೆಂಗಿಗೆ ಎರಡು ತವರುಗಳಿವೆ ಎಂದು ಹೇಳಿದರು: ಒಂದು ಶಾಂತಸಾಗರದ ಕಡೆಯದು, ಇನ್ನೊಂದು ಹಿಂದೂ ಮಹಾಸಾಗರದ ಕಡೆಯದು. ದಕ್ಷಿಣ ಭಾರತ, ಶ್ರೀಲಂಕಾ, ಮಾಲ್ದೀವ್ಸ್, ಲಕ್ಷದ್ವೀಪ ಇವೆಲ್ಲ ಎರಡನೆಯ ತವರಿಗೆ ಸೇರಿದವು.

ಲಕ್ಷದ್ವೀಪದ ಹೆಸರು ನಮ್ಮ ಮನೆಯಲ್ಲಿ ಪುಸ್ತಕದಿಂದ ಬಂದದ್ದಲ್ಲ, ದಾದಾನಿಂದ ಬಂದದ್ದು. ದಾದಾ ಪ್ರಾಯದಲ್ಲಿ, ನಮ್ಮ ಕಡೆಯವರು ಈಗಲೂ ಹೋಗುವ ಹಾಗೆ, ಮಂಗಳೂರಿಗೆ ದುಡಿಯಲು ಹೋಗಿದ್ದರು. ಹಳೇ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದರು. ದ್ವೀಪಗಳಿಂದ ಮಂಜಿಗಳು ಬರುತ್ತಿದ್ದವು. ಅವುಗಳಿಂದ ಕೊಬ್ಬರಿ, ಕಾಯಿ, ಹುರಿ ಹಗ್ಗ ಇಳಿಸುವುದು, ಅಕ್ಕಿ, ಸಿಮೆಂಟು, ಉಳ್ಳಾಗಡ್ಡಿ ಏರಿಸುವುದು ಇವರ ಕೆಲಸ. "ನಮ್ಮೂರ ಪ್ಯಾಜ್ ನನಗಿಂತ ಮೊದಲೇ ಸಮುದ್ರ ನೋಡಿತು" ಎಂದು ದಾದಾ ನಗುತ್ತಾರೆ. ದ್ವೀಪದ ಕಾಯಿ ಚಿಕ್ಕದು, ಆದರೆ ಎಣ್ಣೆ ಹೆಚ್ಚು ಎಂದು ಅವರು ಹೇಳಿದಾಗ ನಾನು ನಂಬಿರಲಿಲ್ಲ. ಆಮೇಲೆ ಓದಿದರೆ ಲಕ್ಕಾದಿವ್ ಮೈಕ್ರೋ ಎಂಬ ತಳಿಯೇ ಇದೆ, ಕಾಯಿ ಸಣ್ಣದು, ಗೊನೆಯಲ್ಲಿ ಸಂಖ್ಯೆ ಹೆಚ್ಚು, ಎಣ್ಣೆಯೂ ಹೆಚ್ಚು.

ಆ ದ್ವೀಪಗಳಿಗೂ ನಮ್ಮ ರಾಜ್ಯಕ್ಕೂ ಇರುವ ನಂಟು ಬಹಳ ಜನರಿಗೆ ಗೊತ್ತಿಲ್ಲ. ಲಕ್ಷದ್ವೀಪದ ಉತ್ತರ ಭಾಗದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇವು ಅಮೀನಿದೀವಿ ದ್ವೀಪಗಳು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಇಲ್ಲಿಯ ಜನ ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನರ ಆಶ್ರಯ ಕೇಳಿದರು. ಹೀಗೆ ಆ ದ್ವೀಪಗಳು ಮೈಸೂರಿನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಗೆ ಹೋಗಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಲೆಕ್ಕದಲ್ಲೇ ಇದ್ದವು. ಅಲ್ಲಿಯ ಜನ ತೆಂಗಿನ ನಾರನ್ನು ಹೊಸೆದು ಹುರಿ ಮಾಡಿ ಮಂಗಳೂರಿಗೆ ತರಬೇಕು, ಸರ್ಕಾರ ಒಂದೇ ಅದನ್ನು ಕೊಳ್ಳುತ್ತದೆ, ಬೆಲೆ ಸರ್ಕಾರದ್ದೇ, ಹಣದ ಒಂದು ಭಾಗ ಅಕ್ಕಿಯ ರೂಪದಲ್ಲಿ. ನಮ್ಮ ಅರ್ಥಶಾಸ್ತ್ರ ಪಠ್ಯದಲ್ಲಿ ಏಕಸ್ವಾಮ್ಯ ಎಂಬ ಅಧ್ಯಾಯ ಇದೆ. ಮಾರುವವನು ಒಬ್ಬನೇ ಇದ್ದರೆ ಕೊಳ್ಳುವವರಿಗೆ ಏನಾಗುತ್ತದೆ ಎಂದು ಅದರಲ್ಲಿ ಓದುತ್ತೇವೆ. ಕೊಳ್ಳುವವನು ಒಬ್ಬನೇ ಇದ್ದರೆ ಮಾರುವವರಿಗೆ ಏನಾಗುತ್ತದೆ ಎಂಬುದಕ್ಕೆ ನನಗೆ ಈ ಹುರಿಯ ಕಥೆಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಹುರಿಯ ಕಥೆ ಇನ್ನೂ ಹಳೆಯದು. ಹನ್ನೊಂದನೇ ಶತಮಾನದ ಅಲ್ ಬಿರೂನಿ ಈ ಕಡಲಿನ ದ್ವೀಪಗಳನ್ನು ಕವಡೆಯ ದ್ವೀಪಗಳು, ನಾರಿನ ಹುರಿಯ ದ್ವೀಪಗಳು ಎಂದು ಎರಡು ಗುಂಪು ಮಾಡಿ ಹೆಸರಿಸಿದ್ದಾನೆ. ಹದಿನಾಲ್ಕನೇ ಶತಮಾನದಲ್ಲಿ ಮಾಲ್ದೀವ್ಸ್‌ನಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತಾ ತೆಂಗಿನಕಾಯಿಯನ್ನು ಮನುಷ್ಯನ ತಲೆಗೆ ಹೋಲಿಸಿ, ಕಣ್ಣು, ಬಾಯಿ, ಕೂದಲು, ಮಿದುಳು ಎಲ್ಲ ಇವೆ ಎಂದು ಬರೆದ. ಹಲಗೆಗಳಿಗೆ ಕಬ್ಬಿಣದ ಮೊಳೆ ಹೊಡೆಯದೆ ತೆಂಗಿನ ಹುರಿಯಿಂದ ಹೊಲಿದು ಹಡಗು ಕಟ್ಟುತ್ತಾರೆ ಎಂದೂ ಹೇಳಿದ್ದಾನೆ. ಅದೇ ಬತೂತಾ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನು, ಗಂಡುಮಕ್ಕಳ 23 ಶಾಲೆಗಳನ್ನು ನೋಡಿದೆ ಎಂದು ಬರೆದಿದ್ದಾನೆ. ತೆಂಗಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ನಮ್ಮ ಪತ್ರಿಕೆಯಲ್ಲಿ ಈ ಸಾಲು ಇರಲಿ ಅನ್ನಿಸಿತು.

ಇನ್ನು ಮರದ ಸ್ವಭಾವ. ತೆಂಗು ನಾವು ಅಂದುಕೊಂಡಂತೆ ಬೇವು, ಹುಣಸೆಯ ಕುಲದ್ದಲ್ಲ. ಏಕದಳ ಸಸ್ಯ, ಅಂದರೆ ನಮ್ಮ ಜೋಳದ ದೂರದ ಸಂಬಂಧಿ. ಕೊಂಬೆ ಇಲ್ಲ, ತಾಯಿಬೇರು ಇಲ್ಲ. ಬೇವಿನ ಮರ ಕಡಿದರೆ ಕಾಣುವ ವರ್ಷದ ಉಂಗುರಗಳು ಇದರಲ್ಲಿ ಕಾಣುವುದಿಲ್ಲ. ಕಾಂಡಕ್ಕೆ ಒಮ್ಮೆ ಗಾಯವಾದರೆ ಅದು ಎಂದೂ ಮಾಯುವುದಿಲ್ಲ. ಇಡೀ ಮರದ ಜೀವ ನೆತ್ತಿಯ ಮೇಲಿನ ಒಂದೇ ಸುಳಿಯಲ್ಲಿ ಇರುತ್ತದೆ, ಸುಳಿ ಸತ್ತರೆ ಮರ ಸತ್ತಂತೆಯೇ. ಅದಕ್ಕೇ ಕೊಂಬಿನ ದುಂಬಿಯನ್ನು, ಕೆಂಪು ಮೂತಿ ಹುಳುವನ್ನು ಕಂಡರೆ ತೋಟದವರು ಅಷ್ಟು ಹೆದರುತ್ತಾರೆ.

ಆದರೆ ಒಂದು ಗುಣ ನನಗೆ ಬಹಳ ಹಿಡಿಸಿತು. ಚೆನ್ನಾಗಿ ನೋಡಿಕೊಂಡ ಮರ ಸುಮಾರಾಗಿ ತಿಂಗಳಿಗೆ ಒಂದು ಗರಿ ಬಿಡುತ್ತದೆ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಹೂವು ಕಾಯಿ ಕಟ್ಟಿ ಪೂರ್ತಿ ಬಲಿಯಲು ಹನ್ನೆರಡು ತಿಂಗಳು ಬೇಕು, ಎಳನೀರಿಗೆ ಆರೇಳು ತಿಂಗಳು ಸಾಕು. ಹೀಗಾಗಿ ಒಂದೇ ಮರದಲ್ಲಿ ಹೂವಿನಿಂದ ಹಿಡಿದು ಬಲಿತ ಕಾಯಿಯವರೆಗೆ ಎಲ್ಲ ವಯಸ್ಸಿನ ಗೊನೆಗಳೂ ಏಕಕಾಲಕ್ಕೆ ಇರುತ್ತವೆ. ಉಳ್ಳಾಗಡ್ಡಿ ವರ್ಷಕ್ಕೊಮ್ಮೆ ಆಡುವ ಜೂಜು. ದರ ಬಿದ್ದರೆ ರಸ್ತೆಗೆ ಸುರಿಯುತ್ತಾರೆ, ನಾವೆಲ್ಲ ನೋಡಿದ್ದೇವೆ. ತೆಂಗು ತಿಂಗಳ ಪಗಾರ ಇದ್ದ ಹಾಗೆ. ಅಬ್ಬಾಗೆ ಆಸೆ ಹುಟ್ಟಿಸಿದ್ದೂ ಈ ಪಗಾರವೇ.

ಆಸೆಗೆ ಇನ್ನೊಂದು ಕಾರಣ 2025ರ ದರ. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 2024ರಲ್ಲಿ 12,000 ರೂಪಾಯಿ, 2025ಕ್ಕೆ 12,100 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಅದಕ್ಕೂ ಹಿಂದೆ ಮಾರುಕಟ್ಟೆಯ ದರ ಬೆಂಬಲ ಬೆಲೆಗಿಂತ ಕೆಳಗಿಳಿದು ತಿಪಟೂರು, ಅರಸೀಕೆರೆಯ ರೈತರು ಬೀದಿಗಿಳಿದಿದ್ದರು. 2025ರಲ್ಲಿ ಎಲ್ಲ ತಲೆಕೆಳಗಾಯಿತು, ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20 ಸಾವಿರ ದಾಟಿತು. 2023ರ ಬರದಲ್ಲಿ ಬಿದ್ದ ಹೂವು, ಉದುರಿದ ಹರಳು ಮುಂದಿನ ವರ್ಷಗಳ ಫಸಲನ್ನು ತಿಂದವು. ಜೊತೆಗೆ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಂಡು ಆಮೇಲೆ ಎಲ್ಲ ಕಡೆ ಹಬ್ಬಿದ ಬಿಳಿನೊಣದ ಕಾಟ. ಇತ್ತ ಕಾಯಿ ಎಳೆಯದಿದ್ದಾಗಲೇ ಎಳನೀರಿಗೆ ಹೋದರೆ ಅತ್ತ ಕೊಬ್ಬರಿಗೆ ಕಾಯಿ ಎಲ್ಲಿಂದ ಬರಬೇಕು?

ಉಂಡೆ ಕೊಬ್ಬರಿ ಎಂದರೆ ಏನೆಂದು ನಮ್ಮ ತರಗತಿಯಲ್ಲಿ ಕೇಳಿದೆ, ಅಂಗಡಿಯಿಂದ ದಿನಾ ತರುವವರಿಗೂ ಗೊತ್ತಿರಲಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಇಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಒಳಗೇ ಗಡಗಡ ಅನ್ನುತ್ತದೆ. ಆಮೇಲೆ ಸುಲಿದು, ತಿರುಳು ಒಡೆಯದಂತೆ ಚಿಪ್ಪನ್ನು ಮಾತ್ರ ಬಿಡಿಸಬೇಕು. ಹಸಿ ಕಾಯಿ ಒಡೆದು ಒಣಗಿಸಿದ್ದು ಎಣ್ಣೆಗೆ ಹೋಗುತ್ತದೆ, ಉಂಡೆ ಕೊಬ್ಬರಿ ತಿನ್ನಲು ಹೋಗುತ್ತದೆ. ತುಮಕೂರು ಜಿಲ್ಲೆಯನ್ನು ಕಲ್ಪತರು ನಾಡು ಎನ್ನುವುದು ಇದರಿಂದ. ನಮ್ಮ ಉತ್ತರ ಕರ್ನಾಟಕದ ಅಡಿಗೆಯಲ್ಲಿ ಹಸಿ ಕಾಯಿಗಿಂತ ಒಣ ಕೊಬ್ಬರಿಯೇ ಹೆಚ್ಚು. ತೋಟ ದೂರ, ಒಣಗಿದ್ದು ಮಾತ್ರ ಕೆಡದೆ ಬರುತ್ತಿತ್ತು, ಕಾರಣ ಅದೇ ಇರಬೇಕು ಎಂದು ನನ್ನ ಊಹೆ.

ದರ ಏರಿದಾಗ ಕೊಬ್ಬರಿ ಬೆಳೆದವರು ಗೆದ್ದರು, ಗಾಡಿಯವರು ಸೋತರು. ಲಾರಿಯಿಂದ ಇಳಿಸಿಕೊಳ್ಳುವಾಗಲೇ ಒಂದು ಎಳನೀರಿಗೆ 38ರಿಂದ 40 ರೂಪಾಯಿ ಬಿತ್ತು. 50ಕ್ಕೆ ಮಾರಿದರೆ ಜನ ಬೈಯುತ್ತಾರೆ. ನೂರರಲ್ಲಿ ನಾಲ್ಕೈದು ಒಡಕು, ಎರಡು ದಿನ ಉಳಿದರೆ ಬಾಡಿ ತೂಕ ಇಳಿಯುತ್ತದೆ. ಸಂಜೆಗೆ ಉಳಿದ ಬುರುಡೆ ಸಾಗಿಸುವ ಖರ್ಚು ಬೇರೆ. ಅದರಲ್ಲಿ ಕೆಲವನ್ನು ನಾವು ಮಾಳಿಗೆಯ ಮೇಲೆ ಒಣಗಿಸಿ ನೀರೊಲೆಗೆ ಹಾಕುತ್ತೇವೆ. ರಂಜಾನ್ ತಿಂಗಳಲ್ಲಿ ಸಂಜೆ ವ್ಯಾಪಾರ ಚೆನ್ನಾಗಿರುತ್ತದೆ, ಮಳೆಗಾಲದಲ್ಲಿ ಗಾಡಿ ಮುಂದೆ ನೊಣವೂ ಬರುವುದಿಲ್ಲ. ಈ ಲೆಕ್ಕವನ್ನೆಲ್ಲ ಒಂಬತ್ತನೇ ತರಗತಿಯಿಂದ ನಾನೇ ಬರೆಯುತ್ತಿದ್ದೇನೆ.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಊಟವಾದ ಮೇಲೆ ಅಬ್ಬಾ ಮಾತು ತೆಗೆದರು. ಗಜೇಂದ್ರಗಡದ ದಾರಿಯಲ್ಲಿ ದಾದಾನ ಹೆಸರಿನಲ್ಲಿ ಒಂದು ಎಕರೆ ಮಸಾರಿ ಹೊಲ ಇದೆ. ಒಂದು ಬೋರೂ ಇದೆ. ಪಕ್ಕದ ಹೊಲದ ಕಾಕಾ ಅದನ್ನು ಪಾಲಿಗೆ ಮಾಡುತ್ತಾರೆ. ಅದಷ್ಟಕ್ಕೂ ತೆಂಗು ಹಚ್ಚೋಣ ಎಂದು ಅಬ್ಬಾ ಹೇಳಿದರು. ಅವರ ವಾದ ಸುಳ್ಳಾಗಿರಲಿಲ್ಲ. ತಿಪಟೂರೇನು ಮಲೆನಾಡೇ? ಅದೂ ಬಯಲುಸೀಮೆ. ನಮ್ಮದು ಎರಿ ಹೊಲವಾಗಿದ್ದರೆ ಬೇಡ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ, ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ನಮ್ಮದು ಮಸಾರಿ, ನೀರು ಬಸಿಯುತ್ತದೆ. ಬೋರಿನ ನೀರು ಸ್ವಲ್ಪ ಸವಳು ಇದ್ದರೂ ಸಮುದ್ರದ ದಡದ ಮರಕ್ಕೆ ಅದು ದೊಡ್ಡದಲ್ಲ.

ದಾದಾ ಸುಮ್ಮನೆ ಕೇಳಿ, "ಪಾನಿ ಕಾಂ ಸೇ ಲಾತೇ?" ಎಂದು ಒಂದೇ ಮಾತು ಕೇಳಿದರು. ನೀರು ಎಲ್ಲಿಂದ ತರುತ್ತೀ? ದ್ವೀಪದ ಜನ ಬಂದರಿನಲ್ಲಿ ಅವರಿಗೆ ಹೇಳಿದ್ದರಂತೆ, ಅಲ್ಲಿ ಮರಳನ್ನು ಆಳುದ್ದ ತೋಡಿದರೆ ಸಿಹಿನೀರು. ಇದು ನಿಜ. ಹವಳದ ದ್ವೀಪಗಳಲ್ಲಿ ಮಳೆಯ ನೀರು ಮರಳಿನಲ್ಲಿ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ಹಗುರಾಗಿ ತೇಲಿ ನಿಲ್ಲುತ್ತದೆ. ತೆಂಗಿನ ಬೇರು ಆ ನೀರನ್ನು ಕುಡಿಯುತ್ತದೆ. "ಅಲ್ಲಿ ಅದರ ಕಾಲಡಿಯಲ್ಲೇ ನೀರು, ನಮ್ಮಲ್ಲಿ ನಾಲ್ಕುನೂರು ಅಡಿ ಕೆಳಗೆ. ಅದನ್ನು ಕರೆಂಟು ಎತ್ತಿ ಕೊಡಬೇಕು" ಎಂದರು ದಾದಾ.

ಲೆಕ್ಕ ಹಾಕಲು ನನಗೆ ಹೇಳಿದರು. ಆ ಹೊಲದ ಪಾಲಿನಿಂದ ವರ್ಷಕ್ಕೆ 18ರಿಂದ 20 ಸಾವಿರ ಬರುತ್ತದೆ. ನನ್ನ ಕಾಲೇಜಿನ ಖರ್ಚು ನಡೆಯುವುದು ಅದರಿಂದ. ಮುಂದೆ ಗದಗಿಗೆ ಹೋಗಿ ಬಿ.ಕಾಂ. ಓದಬೇಕಾದರೆ ಬಸ್ ಪಾಸು, ಫೀ, ಪುಸ್ತಕ ಎಲ್ಲ ಅದರಿಂದಲೇ. "ಅಬ್ಬಾ, ಈ ಲೆಕ್ಕದಲ್ಲಿ ನಾನೇ ಇದ್ದೀನಿ, ಬೇರೆ ಯಾರಿಂದಾದರೂ ಮಾಡಿಸಿ" ಎಂದೆ. "ನೀನು ಇರೋದಕ್ಕೇ ನಿನಗೆ ಕೊಟ್ಟಿದ್ದು, ನೀನು ಸುಮ್ಮಸುಮ್ಮನೆ ಹೂಂ ಅನ್ನಲ್ಲ" ಎಂದರು ಅಬ್ಬಾ.

ಮರಗಳ ನಡುವೆ ಏಳೂವರೆ ಮೀಟರ್ ಅಂತರ ಬಿಟ್ಟರೆ ಎಕರೆಗೆ ಸುಮಾರು 70 ಗಿಡ. ಎತ್ತರದ ತಳಿಯಾದರೆ ಕಾಯಿ ಬಿಡಲು ಆರೇಳು ವರ್ಷ, ಆಮೇಲೆ ಅರವತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಗಿಡ್ಡ ತಳಿ ಮೂರು ನಾಲ್ಕು ವರ್ಷಕ್ಕೇ ಬಿಡುತ್ತದೆ, ಎಳನೀರಿಗೆ ಅದೇ ಚೆಂದ, ಆದರೆ ಬರ ತಡೆಯುವುದಿಲ್ಲ. ನಮ್ಮ ಕಡೆಗೆ ಎತ್ತರದ ತಳಿಯೇ ಗತಿ. ಮರಕ್ಕೆ ವರ್ಷಕ್ಕೆ 80 ಕಾಯಿ ಹಿಡಿದರೂ ಎಕರೆಗೆ 5,600. ಅಬ್ಬಾ ದಿನಕ್ಕೆ ಸರಾಸರಿ 60 ಕಾಯಿಯಂತೆ ವರ್ಷದಲ್ಲಿ 300 ದಿನ ಮಾರುತ್ತಾರೆ, ಅಂದರೆ 18,000. ಇಡೀ ಎಕರೆ ತೆಂಗಾದರೂ ಗಾಡಿಯ ಮೂರನೇ ಒಂದು ಭಾಗಕ್ಕೂ ಸಾಲದು. ಇದನ್ನು ನೋಡಿ ಅಬ್ಬಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಸಿ, ಗುಂಡಿ, ಗೊಬ್ಬರ, ಹನಿ ನೀರಾವರಿಯ ಪೈಪು ಎಲ್ಲ ಸೇರಿ ಮೊದಲ ವರ್ಷವೇ 60 ಸಾವಿರದ ಹತ್ತಿರ ಬರುತ್ತಿತ್ತು, ಅದು ಸಾಲ.

ನಮ್ಮ ಲೆಕ್ಕಶಾಸ್ತ್ರದ ಸರ್ ಒಂದು ಹೊಸ ಸಂಗತಿ ಹೇಳಿದರು. ದೊಡ್ಡ ಕಂಪನಿಗಳ ಲೆಕ್ಕಪತ್ರದ ನಿಯಮದಲ್ಲಿ ತೆಂಗಿನಂತೆ ವರ್ಷ ವರ್ಷ ಫಲ ಕೊಡುವ ಮರವನ್ನು ಯಂತ್ರದ ಹಾಗೆ ಸ್ಥಿರಾಸ್ತಿ ಎಂದು ಹಿಡಿದು ಸವಕಳಿ ಬರೆಯುತ್ತಾರಂತೆ. ಮರದ ಮೇಲಿನ ಕಾಯಿಯ ಲೆಕ್ಕ ಬೇರೆ. ಆದರೆ ಯಂತ್ರ ಏಳು ವರ್ಷ ಸುಮ್ಮನೆ ನಿಂತಿರುವುದಿಲ್ಲವಲ್ಲ ಸರ್ ಎಂದು ನಾನು ಕೇಳಿದೆ. ಅಷ್ಟು ದಿನ ನಡುವೆ ಬೇರೆ ಬೆಳೆ ಬೆಳೆಯಬಹುದು ಎಂದು ಅವರೇ ಹೇಳಿದರು. ಅದು ಸರಿ. ಮೊದಲ ಏಳೆಂಟು ವರ್ಷ ಸಾಲಿನ ನಡುವೆ ಬಿಸಿಲು ಬೀಳುತ್ತದೆ, ಹೆಸರು, ಕಡಲೆ, ಉಳ್ಳಾಗಡ್ಡಿ ಬರುತ್ತದೆ. ಆಮೇಲೆ ಬಹಳ ವರ್ಷ ನೆರಳು. ಕಾಕಾನನ್ನು ಕೇಳಿದಾಗ, "ಆಮ್ಯಾಲೆ ನೆಳ್ಳಾಗ ಜ್ವಾಳ ತೆನಿ ಹಿಡಿಯಂಗಿಲ್ಲವ್ವ, ಆವಾಗ ನಾ ಎಲ್ಲಿಗೆ ಹೋಗ್ಲಿ?" ಎಂದರು. ಈ ಲೆಕ್ಕದಲ್ಲಿ ನನ್ನ ಜೊತೆ ಅವರೂ ಇದ್ದಾರೆ ಎಂದು ಆಗ ತಿಳಿಯಿತು.

ಕೊನೆಗೆ ಉಳಿದದ್ದು ದಾದಾನ ಪ್ರಶ್ನೆ. ಮೇ ತಿಂಗಳ ಒಂದು ಭಾನುವಾರ ನಾನು, ತಮ್ಮ 200 ಲೀಟರಿನ ಬ್ಯಾರಲ್ ಒಯ್ದು ಬೋರಿನ ಬಾಯಿಗೆ ಇಟ್ಟು ಎಣಿಸಿದೆವು. ಮುಂಜಾನೆ ಒಂಬತ್ತು ಬ್ಯಾರಲ್ ತುಂಬಿ ಬೋರು ಗಾಳಿ ಉಗುಳಿತು. ಸಂಜೆ ಮತ್ತೆ ಐದು. ಒಟ್ಟು 14 ಬ್ಯಾರಲ್, 2,800 ಲೀಟರ್. ತೆಂಗಿನ ಸಂಶೋಧನೆಗೆ ಹೆಸರಾದ ಕೇಂದ್ರ ನಮ್ಮ ಗಡಿಯ ಕಾಸರಗೋಡಿನಲ್ಲಿದೆ, ಅಲ್ಲಿ ತೆಂಗಿನ ಕೆಲಸ 1916ರಲ್ಲೇ ಶುರುವಾಯಿತು. ಅವರ ಶಿಫಾರಸಿನ ಪ್ರಕಾರ ಬೇಸಿಗೆಯಲ್ಲಿ ಬೆಳೆದ ಮರಕ್ಕೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್, ದಿನಕ್ಕೆ 50 ಬಿತ್ತು. 70 ಮರಕ್ಕೆ 3,500. ನಮ್ಮ ಬೋರಿನ ಎಲ್ಲ ನೀರನ್ನು ಕೊಟ್ಟರೂ 700 ಲೀಟರ್ ಕಡಿಮೆ, ಕಾಕಾನ ಬೆಳೆಗೆ ಹನಿಯೂ ಇಲ್ಲ. ಮೋಸ ಎಲ್ಲಿದೆ ಎಂದರೆ, ಸಸಿಗೆ ಮೊದಲ ಎರಡು ವರ್ಷ ನಾಲ್ಕು ದಿನಕ್ಕೊಮ್ಮೆ 45 ಲೀಟರ್ ಸಾಕು. 70 ಸಸಿಗಳಿಗೆ ದಿನಕ್ಕೆ 800 ಲೀಟರೂ ಬೇಡ. ಆದ್ದರಿಂದ ಹಚ್ಚಿದವರಿಗೆ ನೀರು ಧಾರಾಳ ಇದೆ ಎನ್ನಿಸುತ್ತದೆ. ಮರ ದೊಡ್ಡದಾಗುತ್ತ ಬಾಯಾರಿಕೆಯೂ ದೊಡ್ಡದಾಗುತ್ತದೆ, ಬೋರು ಮಾತ್ರ ವರ್ಷ ವರ್ಷ ಮುದುಕಾಗುತ್ತದೆ. ಸಾಲ ಮಾಡಿ ಹಚ್ಚಿದ ತೋಟ ಏಳನೇ ವರ್ಷ, ಕಾಯಿ ಕಚ್ಚುವ ಹೊತ್ತಿಗೆ ಒಣಗಿದರೆ?

ನಾನು ಅಬ್ಬಾಗೆ ಬೇಡ ಎಂದು ಹೇಳಲಿಲ್ಲ. ಮೂರು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು ಕೊಟ್ಟೆ: 2,800, 3,500, ಮತ್ತು ಹತ್ತು ಮರಕ್ಕಾದರೆ 500. ಅಬ್ಬಾ ಮೂರನೆಯದರ ಮೇಲೆ ಬೆರಳಿಟ್ಟರು.

ಹೀಗೆ ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಬೋರಿನ ಸುತ್ತ ಮತ್ತು ಬದುವಿನ ಮೇಲೆ ಹತ್ತು ಸಸಿ ಹಚ್ಚಿದೆವು. ಎಳನೀರು ತರುವ ಲಾರಿಯವರೇ ತಿಪಟೂರು ಕಡೆಯಿಂದ ತಂದುಕೊಟ್ಟರು. ವರ್ಷದ ಸಸಿ, ಕನಿಷ್ಠ ಆರು ಗರಿ, ಬುಡದ ಸುತ್ತಳತೆ ಹತ್ತು ಸೆಂಟಿಮೀಟರ್ ಇರಬೇಕು ಎಂದು ನಾನು ಟೇಪು ಹಿಡಿದು ಅಳೆದೆ. ಲಾರಿಯ ಅಣ್ಣ ನಕ್ಕು, "ಕೊಡಗೂಸು ನೋಡಾಕ ಬಂದಂಗ ನೋಡ್ತಾಳಲ್ಲ" ಎಂದ. ಎರಡನ್ನು ವಾಪಸು ಕೊಟ್ಟು ಬೇರೆ ಪಡೆದೆ. ಗುಂಡಿ ಒಂದು ಮೀಟರ್ ಉದ್ದ, ಅಗಲ, ಆಳ. ಅದರ ತಳಕ್ಕೆ ತೆಂಗಿನ ಸಿಪ್ಪೆಯನ್ನು ಬೋರಲು ಹಾಕದೆ, ಬಟ್ಟಲಿನಂತೆ ಅಂಗಾತ ಇಟ್ಟು ಎರಡು ಪದರ ಹಾಸಬೇಕು, ಅದು ನೀರು ಹಿಡಿದಿಡುತ್ತದೆ. ರೋಣದಲ್ಲಿ ಬೇರೆ ರೈತರು ಇದಕ್ಕೆ ಸಿಪ್ಪೆ ಹುಡುಕಬೇಕು. ನಮ್ಮ ಮಾಳಿಗೆಯ ಮೇಲೆ ಒಣಗಿದ ಬುರುಡೆ ಗುಡ್ಡದಂತೆ ಬಿದ್ದಿತ್ತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅದು ದುಡ್ಡು ಉಳಿಸಿತು. ಮೇಲೆ ಮಣ್ಣು, ತಿಪ್ಪೆಗೊಬ್ಬರ, ಗೆದ್ದಲಿಗೆ ಬೇವಿನ ಹಿಂಡಿ. ಗುಂಡಿಯನ್ನು ಪೂರ್ತಿ ಮುಚ್ಚದೆ ಮೇಲೆ ಒಂದೂವರೆ ಅಡಿಯಷ್ಟು ಖಾಲಿ ಬಿಟ್ಟೆವು, ಗಿಡ ಬೆಳೆದಂತೆ ತುಂಬುತ್ತ ಹೋಗಬೇಕು. ಮೊದಲ ಬೇಸಿಗೆಗೆ ನೆರಳು ಬೇಕೇ ಬೇಕು, ಜೋಳದ ದಂಟಿನ ತಟ್ಟಿ ಕಟ್ಟುವುದಾಗಿ ಕಾಕಾ ಹೇಳಿದ್ದಾರೆ. ಅವರ ಪಾಲು ಮೊದಲಿನಂತೆಯೇ ನಡೆದಿದೆ. ಹತ್ತು ಮರಗಳಲ್ಲಿ ಎರಡರ ಕಾಯಿ ಅವರಿಗೆ ಎಂದು ಅಬ್ಬಾ ಮಾತು ಕೊಟ್ಟಿದ್ದಾರೆ. ಈ ವರ್ಷದ ಹೆಸರಿನ ಹಣ ಬಂತು, ನನ್ನ ದ್ವಿತೀಯ ಪಿಯುಸಿ ಫೀ ಕಟ್ಟಿಯಾಯಿತು.

ಗೆದ್ದಲು ಒಂದು ಸಸಿಯನ್ನು ತಿಂದಿತು, ಅದರ ಜಾಗಕ್ಕೆ ಇನ್ನೊಂದು ಬಂದಿದೆ. ಎಳೆಯ ತೆಂಗಿನ ಗರಿ ಮೊದಲು ಬಾಳೆಯೆಲೆಯಂತೆ ಇಡಿಯಾಗಿ ಇರುತ್ತದೆ, ಸೀಳಿರುವುದಿಲ್ಲ. ಯಾವುದು ಬೇಗ ಸೀಳುತ್ತದೋ ಅದು ಗಟ್ಟಿ ಗಿಡವಂತೆ. ನಮ್ಮವುಗಳಲ್ಲಿ ಎರಡು ಸೀಳಲು ಶುರು ಮಾಡಿವೆ. ಬೇಡ ಎನ್ನುತ್ತಿದ್ದ ದಾದಾ ಈಗ ವಾರಕ್ಕೆ ಎರಡು ಸಲ ಗಜೇಂದ್ರಗಡದ ಬಸ್ಸು ಹತ್ತಿ ಹೋಗಿ ಸುಳಿಯಲ್ಲಿ ದುಂಬಿ ಇದೆಯೇ ಎಂದು ನೋಡಿ ಬರುತ್ತಾರೆ. ಇನ್ನು ಏಳು ವರ್ಷಕ್ಕೆ ಕಾಯಿ ಬಿಟ್ಟರೆ ನನಗೆ 24 ಆಗಿರುತ್ತದೆ. ಕಾಯಿ ಕೀಳುವವರು ಯಾರು ಎಂಬುದೊಂದು ಬಾಕಿ ಉಳಿದಿದೆ, ರೋಣದಲ್ಲಿ ತೆಂಗಿನ ಮರ ಹತ್ತುವವರು ಇಲ್ಲ. ತೆಂಗು ಅಭಿವೃದ್ಧಿ ಮಂಡಳಿಯವರು ಯಂತ್ರದಿಂದ ಮರ ಹತ್ತುವ ತರಬೇತಿ ಕೊಡುತ್ತಾರೆ ಎಂದು ತಮ್ಮನಿಗೆ ಹೇಳಿದೆ. ಅವನು ಆಗಲೇ ಒಪ್ಪಿದ್ದಾನೆ. ಅವನು ಹಿಂದಿನ ವರ್ಷ ಬೇವಿನ ಗಿಡದಿಂದ ಬಿದ್ದು ಕೈಗೆ ಪಟ್ಟಿ ಹಾಕಿಸಿಕೊಂಡದ್ದನ್ನು ಅಮ್ಮಿ ಇನ್ನೂ ಮರೆತಿಲ್ಲ.